ಚಾರ್ಜ್ ಪಟ್ಟಿಯಲ್ಲಿ ಬರೆಯದೆ ಬಿಟ್ಟದ್ದು: ಆರೋಗ್ಯ ಸಚಿವರಿಗೆ ನಿವೃತ್ತ ನರ್ಸಮ್ಮನ ಬಹಿರಂಗ ಪತ್ರ

ಸನ್ಮಾನ್ಯ ಸಚಿವರೇ,

ನಮಸ್ಕಾರ. 2025ರ ಮೇ 31ರ ಶನಿವಾರ ನಾನು ಕೆಲಸದಿಂದ ನಿವೃತ್ತಳಾದೆ. 1988ರಲ್ಲಿ ಸೇರಿದ್ದು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂಬ ಹುದ್ದೆಗೆ. ಈಚೆಗೆ ಅದಕ್ಕೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಹೊಸ ನಾಮಕರಣವಾಯಿತು. ಹೆಸರು ಉದ್ದವಾಯಿತು, ನಡೆಯುವ ದಾರಿ ಅಷ್ಟೇ ಇತ್ತು. ನಮ್ಮ ಹಾಡಿಗಳಲ್ಲಿ, ಅಂದರೆ ಕಾಡಿನ ಬುಡಕಟ್ಟು ಜನರ ಕೇರಿಗಳಲ್ಲಿ, ಮೂವತ್ತೇಳು ವರ್ಷವೂ ನನ್ನನ್ನು ನರ್ಸಮ್ಮ ಎಂದೇ ಕರೆದರು. ಈಗಲೂ ಸಂತೆಯಲ್ಲಿ ಸಿಕ್ಕರೆ ಹಾಗೇ ಕರೆಯುತ್ತಾರೆ, ಪಿಂಚಣಿ ಬರುವವಳಿಗೂ.

ಅವತ್ತು ಬೆಳಗ್ಗೆ ಸನ್ಮಾನ ಇತ್ತು. ಪೇಟ, ಶಾಲು, ಹಣ್ಣಿನ ಬುಟ್ಟಿ. ಭಾಷಣ ಮಾಡಿದವರೊಬ್ಬರು ನನ್ನನ್ನು ಮೂರು ಸಲ ತ್ಯಾಗಮಯಿ ಅಂದರು. ಆ ಮಾತಿಗೆ ಆಮೇಲೆ ಬರುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ ಚಾರ್ಜ್ ಕೊಡುವ, ಅಂದರೆ ಜವಾಬ್ದಾರಿ ಮತ್ತು ಸಾಮಾನು ಒಪ್ಪಿಸುವ ಕೆಲಸ. ತೆಗೆದುಕೊಳ್ಳಲು ಹೊಸಬರು ಯಾರೂ ಬಂದಿರಲಿಲ್ಲ. ಪಕ್ಕದ ಆರೋಗ್ಯ ಉಪಕೇಂದ್ರದ ಸಿಸ್ಟರಿಗೆ ಹೆಚ್ಚುವರಿ ಪ್ರಭಾರ ಎಂದು ಆದೇಶವಾಗಿತ್ತು. ಪಾಪ, ಆಕೆಗೆ ಅದಾಗಲೇ ತನ್ನದೂ ಸೇರಿ ಎರಡು ಉಪಕೇಂದ್ರ. ಜ್ವರದ ಮಗುವನ್ನು ಸ್ಕೂಟಿಯ ಮುಂದೆ ನಿಲ್ಲಿಸಿಕೊಂಡು ಬಂದಳು. ಇಬ್ಬರೂ ಕೂತು ಪಟ್ಟಿ ಓದಿದೆವು. ಬಿ.ಪಿ. ನೋಡುವ ಯಂತ್ರ ಒಂದು. ಮಗು ತೂಗುವ ಸಾಲ್ಟರ್ ತಕ್ಕಡಿ ಒಂದು. ಲಸಿಕೆ ಕ್ಯಾರಿಯರ್ ಎರಡು, ಐಸ್ ಪ್ಯಾಕ್ ಎಂಟು. ಕಬ್ಬಿಣದ ಬೀರು ಒಂದು, ಬೀಗದ ಕೈ ಇದೆ. ಮರದ ಕುರ್ಚಿ ಎರಡು, ಒಂದಕ್ಕೆ ಕಾಲಿಲ್ಲ. ಅರ್ಹ ದಂಪತಿಗಳ ರಿಜಿಸ್ಟರ್, ತಾಯಿ ಕಾರ್ಡಿನ ರಿಜಿಸ್ಟರ್, ಲಸಿಕೆ ರಿಜಿಸ್ಟರ್, ಡೆಡ್ ಸ್ಟಾಕ್ ರಿಜಿಸ್ಟರ್. ಎಲ್ಲಕ್ಕೂ ಟಿಕ್ ಹಾಕಿ ಇಬ್ಬರೂ ಸಹಿ ಮಾಡುವಷ್ಟರಲ್ಲಿ ನಲವತ್ತು ನಿಮಿಷ. ಬೇಬಾಕಿ ಪ್ರಮಾಣಪತ್ರ ಕೈಗೆ ಬಂತು. ಸರ್ಕಾರಕ್ಕೆ ನಾನು ಕೊಡಬೇಕಾದದ್ದು ಏನೂ ಉಳಿದಿಲ್ಲ ಎಂದು ಅದರ ಅರ್ಥ.

ಅದು ಸುಳ್ಳು, ಸ್ವಾಮಿ. ಕೊಡಬೇಕಾದದ್ದೆಲ್ಲ ನನ್ನ ಹತ್ತಿರವೇ ಉಳಿದುಹೋಗಿದೆ. ತೆಗೆದುಕೊಳ್ಳಲು ಯಾರನ್ನೂ ಕಳಿಸಿಲ್ಲ ಎಂದು ಹೇಳುವುದಕ್ಕೇ ಈ ಪತ್ರ.

ನನ್ನ ಉಪಕೇಂದ್ರ ಇರುವುದು ಮೈಸೂರು ಜಿಲ್ಲೆಯಲ್ಲಿ, ನಾಗರಹೊಳೆ ಕಾಡಿನ ಅಂಚಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ನೋಟಿಸು ಬರುವುದು ನನಗಲ್ಲ, ಆ ಸ್ಕೂಟಿ ಸಿಸ್ಟರಿಗೆ. ನಾಲ್ಕು ಹಳ್ಳಿ, ಹನ್ನೊಂದು ಹಾಡಿ. ಹೆಚ್ಚಿನವರು ಜೇನುಕುರುಬರು, ಮಿಕ್ಕವರು ಬೆಟ್ಟಕುರುಬರು, ಯರವರು. ಬಯಲುಸೀಮೆಯಲ್ಲಿ 5000 ಜನಕ್ಕೆ ಒಂದು ಉಪಕೇಂದ್ರ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3000ಕ್ಕೆ ಒಂದು ಎಂಬುದು ಸರ್ಕಾರದ ಲೆಕ್ಕ. ಲೆಕ್ಕ ಮಾಡಿದವರು ತಲೆ ಎಣಿಸಿದ್ದಾರೆ; ಹಳ್ಳ, ಗೇಟು, ಆನೆ ದಾಟುವ ಹೊತ್ತು ಎಣಿಸಿಲ್ಲ. ನಕ್ಷೆಯಲ್ಲಿ ಎರಡು ಕಿಲೋಮೀಟರ್ ಇರುವ ಹಾಡಿಗೆ ಮಳೆಗಾಲದಲ್ಲಿ ಒಂಬತ್ತು ಕಿಲೋಮೀಟರ್ ಸುತ್ತಿ ಹೋಗುತ್ತಿದ್ದೆ.

ಈ ಜನ ಕಾಡಿನ ಅಂಚಿಗೆ ಬಂದದ್ದು ತಾವಾಗಿ ಅಲ್ಲ. ಕಬಿನಿ ಅಣೆಕಟ್ಟು ಕೆಲವರನ್ನು ಎಬ್ಬಿಸಿತು, ರಾಷ್ಟ್ರೀಯ ಉದ್ಯಾನ ಹಲವರನ್ನು ಎಬ್ಬಿಸಿತು. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ನಾಗರಹೊಳೆಯಿಂದ ಹೊರಬಿದ್ದ ಕುಟುಂಬಗಳು 3418 ಎಂದಿದೆ. ಆ ವರದಿ ಬೇರೆ ಇಲಾಖೆಯದು ಎಂದು ನೀವು ಹೇಳಬಹುದು. ಗೆಡ್ಡೆ ಗೆಣಸು, ಸೊಪ್ಪು, ಜೇನು ತಿಂದು ಬೆಳೆದ ಮೈ ರೇಷನ್ ಅಕ್ಕಿಗೆ ಇಳಿದಾಗ ಏನಾಗುತ್ತದೆ ಎಂಬುದನ್ನು ಮಾತ್ರ ನಾನು ನನ್ನ ತಕ್ಕಡಿಯಲ್ಲಿ ತೂಗಿ ನೋಡಿದ್ದೇನೆ.

ಮೊದಲ ಎಂಟು ವರ್ಷ ನಾನು ಕಂಡರೆ ಹಾಡಿಯ ಹೆಂಗಸರು ಓಡಿಹೋಗುತ್ತಿದ್ದರು. ತಪ್ಪು ಅವರದಲ್ಲ. ಆಗ ನಮಗೆ ಟಾರ್ಗೆಟ್ ಇತ್ತು: ವರ್ಷಕ್ಕೆ ಇಷ್ಟು ಸಂತಾನಹರಣ ಆಪರೇಷನ್ ಕೇಸು ತರಬೇಕು, ತರದಿದ್ದರೆ ಇನ್‌ಕ್ರಿಮೆಂಟ್ ತಡೆಯುತ್ತೇವೆ ಎಂಬ ಬೆದರಿಕೆ. ನರ್ಸ್ ಬಂದಳು ಅಂದರೆ ಯಾರನ್ನೋ ಜೀಪಿಗೆ ಹತ್ತಿಸುತ್ತಾಳೆ ಅಂತಲೇ ಅರ್ಥ. 1996ರ ಏಪ್ರಿಲ್‌ನಲ್ಲಿ ದೇಶದಾದ್ಯಂತ ಆ ಟಾರ್ಗೆಟ್ ತೆಗೆದರು. ಕಾಗದದಲ್ಲಿ ಒಂದೇ ದಿನಕ್ಕೆ ಹೋಯಿತು, ಹಾಡಿಯವರ ಮನಸ್ಸಿನಿಂದ ಹೋಗಲು ಇನ್ನೂ ಐದಾರು ವರ್ಷ ಬೇಕಾಯಿತು. ಆ ಐದಾರು ವರ್ಷ ನಾನು ಮಾಡಿದ್ದು ಇಷ್ಟೆ. ಹೋಗುವುದು, ಜಗಲಿಯಲ್ಲಿ ಕೂರುವುದು, ಅವರು ಕೊಟ್ಟ ಕಪ್ಪು ಕಾಫಿ ಕುಡಿಯುವುದು, ಕೇಳಿದರೆ ಮಾತ್ರ ಗುಳಿಗೆ ಕೊಡುವುದು, ಎದ್ದು ಬರುವುದು. ದಿನಚರಿಯಲ್ಲಿ ಇದನ್ನು ಬರೆಯಲು ಕಾಲಂ ಇರಲಿಲ್ಲ. "ಆರೋಗ್ಯ ಶಿಕ್ಷಣ ನೀಡಲಾಯಿತು" ಎಂದು ಬರೆಯುತ್ತಿದ್ದೆ. ಶಿಕ್ಷಣ ಆದದ್ದು ನನಗೆ.

ಒಂದು ಹಾಡಿಯ ವಿಷಯ ಹೇಳಬೇಕು. ಅಲ್ಲಿಂದ ಹಲವು ವರ್ಷ ಒಬ್ಬಳೇ ಒಬ್ಬ ಬಸುರಿಯೂ ಹೆರಿಗೆಗೆ ಆಸ್ಪತ್ರೆಗೆ ಬರಲಿಲ್ಲ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ದುಡ್ಡು ಕೊಡುತ್ತೇವೆ ಅಂದರೂ ಬರಲಿಲ್ಲ. 2007ರಲ್ಲಿ ಮಡಿಲು ಕಿಟ್ ಬಂತು, ಸೋಪು, ಸೊಳ್ಳೆಪರದೆ, ಹೊದಿಕೆ ತೋರಿಸಿದೆ. ಮುಟ್ಟಿ ನೋಡಿ ವಾಪಸು ಕೊಟ್ಟರು. 2008ರ ರಾಜ್ಯೋತ್ಸವದ ದಿನ 108 ಆಂಬುಲೆನ್ಸ್ ಶುರುವಾಯಿತು, ಬಾಗಿಲಿಗೇ ಗಾಡಿ ಬಂದರೂ ಹತ್ತಲಿಲ್ಲ. ತಿಂಗಳ ಸಭೆಯಲ್ಲಿ ನನ್ನ ಸೆಂಟರಿನ ಮುಂದೆ ಕೆಂಪು ಶಾಯಿಯಲ್ಲಿ "ಅಸಹಕಾರ" ಎಂದು ಬರೆಯುತ್ತಿದ್ದರು. ಮೂಢನಂಬಿಕೆ, ತಿಳಿವಳಿಕೆ ಇಲ್ಲ ಎಂದು ಮೇಲಿನವರ ತೀರ್ಪು. ನಾನೂ ತಲೆಯಾಡಿಸುತ್ತಿದ್ದೆ.

ಕಾರಣ ತಿಳಿದದ್ದು ಒಂದು ಸಂಜೆ ಸೌದೆ ಒಡೆಯುತ್ತಿದ್ದ ಅಜ್ಜಿಯಿಂದ. ಆಕೆ ಆ ಹಾಡಿಯ ಸೂಲಗಿತ್ತಿ. ಅರ್ಧ ಮಕ್ಕಳು ಅವಳ ಕೈಯಲ್ಲೇ ಹುಟ್ಟಿದವರು. ಹಿಂದೆ ಒಬ್ಬಳಿಗೆ ಕೂಸು ಅಡ್ಡ ಬಂದು ಎರಡು ದಿನ ನೋವು ತಿಂದಿದ್ದಳಂತೆ. ಎತ್ತಿನ ಗಾಡಿ, ಆಮೇಲೆ ಲಾರಿ, ಹೇಗೋ ಒಂದು ದೊಡ್ಡ ಆಸ್ಪತ್ರೆ ತಲುಪಿಸಿದರು. ವರಾಂಡದಲ್ಲಿ ಮಲಗಿಸಿದರು. "ಸ್ನಾನ ಮಾಡ್ಕೊಂಡು ಬರಕ್ಕಾಗಲ್ವಾ" ಅಂದರಂತೆ. ಎಲ್ಲಿ ಹೆಬ್ಬೆಟ್ಟು ಒತ್ತಬೇಕು ಎಂದು ಗಂಡನಿಗೆ ತಿಳಿಯಲಿಲ್ಲ. ರಾತ್ರಿ ತಾಯಿಯೂ ಹೋದಳು, ಕೂಸೂ ಹೋಯಿತು. ಹೆಣ ತರಲು ವ್ಯಾನಿನವನು ಕೇಳಿದ ದುಡ್ಡು ಅವರ ಹತ್ತಿರ ಇರಲಿಲ್ಲ. ಅಲ್ಲೇ ಎಲ್ಲೋ ಮಣ್ಣು ಮಾಡಿ ಬಂದರು. "ಎಲ್ಲಿ ಮಣ್ಣು ಮಾಡಿದ್ರೋ ಜಾಗ ಗೊತ್ತಿಲ್ಲ ಕಣವ್ವ" ಅಂದಳು ಅಜ್ಜಿ. "ನಮ್ಮ ಮಣ್ಣಲ್ಲಿ ಸತ್ರೆ ಜಾಗನಾದ್ರೂ ಗೊತ್ತಿರ್ತದೆ."

ಇದರಲ್ಲಿ ಮೂಢನಂಬಿಕೆ ಎಲ್ಲಿದೆ ಸ್ವಾಮಿ? ನಿಮ್ಮ ಮನೆಯ ಹೆಣ್ಣುಮಗಳಿಗೆ ಹಾಗಾಗಿದ್ದರೆ ನೀವು ಆ ಆಸ್ಪತ್ರೆಗೆ ಎರಡನೇ ಮಗಳನ್ನು ಕಳಿಸುತ್ತಿದ್ದಿರಾ?

ಆ ಅಜ್ಜಿಯ ಜೊತೆ ಒಂದು ಒಪ್ಪಂದ ಮಾಡಿಕೊಂಡೆ. ಮುಂದಿನ ಕಷ್ಟದ ಹೆರಿಗೆಗೆ ನಾನೂ ಬರುತ್ತೇನೆ, ಅಜ್ಜಿಯೂ ಬರಬೇಕು, ಬಾಣಂತಿ ವಾಪಸು ಬರುವವರೆಗೆ ಇಬ್ಬರೂ ಜಾಗ ಬಿಟ್ಟು ಕದಲಬಾರದು. ಹಾಗೇ ಆಯಿತು. ಮೂರು ರಾತ್ರಿ ವಾರ್ಡಿನಲ್ಲಿ ಮಂಚದ ಕೆಳಗೆ ಮಲಗಿದೆ. ಲೇಬರ್ ರೂಮಿನೊಳಗೆ ಅಜ್ಜಿಯನ್ನು ಬಿಡಬೇಕೆಂದು ಜಗಳ ಆಡಿದೆ, ಕೊನೆಗೆ ಬಾಗಿಲ ಹತ್ತಿರ ಸ್ಟೂಲು ಕೊಟ್ಟರು. ಹೆಣ್ಣುಮಗು, ಎರಡು ಕೇಜಿ ಮುನ್ನೂರು. ಆಮೇಲಿನ ವರ್ಷ ಆ ಹಾಡಿಯಿಂದ ನಾಲ್ವರು ಬಂದರು, ಅದರ ಮುಂದಿನ ವರ್ಷ ಎಲ್ಲರೂ. ಸಭೆಯಲ್ಲಿ ಕಾರಣ ಕೇಳಿದಾಗ "ಐ.ಇ.ಸಿ. (ಮಾಹಿತಿ, ಶಿಕ್ಷಣ, ಸಂವಹನ) ಚಟುವಟಿಕೆ" ಎಂದೆ, ಭಿತ್ತಿಪತ್ರ ಅಂಟಿಸಿದ್ದರಿಂದ ಆಯಿತು ಎಂದು ಬರೆದುಕೊಂಡರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಅಜ್ಜಿ ಬದುಕಿರಲಿಲ್ಲ. ಇದ್ದಿದ್ದರೆ ಪೇಪರಿನಲ್ಲಿ ಬಂದ ಚಿತ್ರ ತೋರಿಸುತ್ತಿದ್ದೆ.

ಆ ಮಣ್ಣಿನ ಮಾತು ನನ್ನ ಯಾವ ರಿಜಿಸ್ಟರಿನಲ್ಲೂ ಇಲ್ಲ. ಹೊಸಬರು ಬಂದು ಒಂದು ಸಲ ಆ ಹಾಡಿಯ ಹೆಂಗಸನ್ನು ಒಬ್ಬಳನ್ನೇ 108ರಲ್ಲಿ ಕೂರಿಸಿ ಕೈಬೀಸಿದರೆ ಸಾಕು, ಮತ್ತೆ ಮೊದಲಿನಿಂದ ಶುರು.

ಇಂಥವು ಬೇಕಾದಷ್ಟಿವೆ. ಹಾಡಿಯ ಒಂದೊಂದು ಹುಡುಗಿಗೂ ಮೂರು ಹೆಸರು: ಮನೆಯವರು ಕರೆಯುವುದು ಒಂದು, ಆಶ್ರಮ ಶಾಲೆಯಲ್ಲಿ ಮೇಷ್ಟ್ರು ಬರೆದುಕೊಂಡದ್ದು ಒಂದು, ಆಧಾರ್ ಕಾರ್ಡಿನಲ್ಲಿ ತಪ್ಪಾಗಿ ಬಿದ್ದದ್ದು ಇನ್ನೊಂದು. ಆನ್‌ಲೈನಿನಲ್ಲಿ ನೋಡಿದರೆ ಮೂವರು ಬಸುರಿಯರು, ಅದರಲ್ಲಿ ಇಬ್ಬರು "ಸಂಪರ್ಕಕ್ಕೆ ಸಿಕ್ಕಿಲ್ಲ". ನನಗೆ ಗೊತ್ತು, ಮೂವರೂ ಒಬ್ಬಳೇ, ಈಗ ಒಲೆ ಮುಂದೆ ಕೂತಿದ್ದಾಳೆ. ಹೆಜ್ಜೇನಿನ ಕಾಲದಲ್ಲಿ ಯಾವ ಹಾಡಿ ಖಾಲಿ, ಯಾರ ಮನೆಯ ಗಂಡಸು ಕುಡಿದಾಗ ಕೂಸನ್ನು ಪಕ್ಕದ ಮನೆಗೆ ಸಾಗಿಸುತ್ತಾರೆ, ಕಬ್ಬಿಣದ ಗುಳಿಗೆಯನ್ನು ಯಾರು ನುಂಗುತ್ತಾರೆ, ಯಾರು ಮಲ ಕಪ್ಪಗಾಯಿತೆಂದು ಹೆದರಿ ಹುಲ್ಲಿನ ಮಾಡಿಗೆ ಸಿಕ್ಕಿಸುತ್ತಾರೆ. ಒಮ್ಮೆ ಒಂದು ಮನೆಯ ಮಾಡು ಹೊದಿಸುವಾಗ ನನ್ನ ಎರಡು ವರ್ಷದ ಗುಳಿಗೆ ಮಳೆ ಬಿದ್ದಂತೆ ಉದುರಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಗುಳಿಗೆಯನ್ನು ಊಟವಾದ ಮೇಲೆ ಎದುರಿಗೇ ನುಂಗಿಸುವ ಅಭ್ಯಾಸ ಮಾಡಿದೆ.

ಕ್ಷಯದ ವಿಷಯ ಇನ್ನೂ ಕಷ್ಟ. ಆರು ತಿಂಗಳು ತಪ್ಪದೆ ಗುಳಿಗೆ ತಿನ್ನಬೇಕು. ಆದರೆ ಕಾಫಿ ಹಣ್ಣಾಗುವ ಹೊತ್ತಿಗೆ ಜೀಪುಗಳು ಬರುತ್ತವೆ, ಮೇಸ್ತ್ರಿ ಮುಂಗಡ ಕೊಟ್ಟಿರುತ್ತಾನೆ, ಇಡೀ ಸಂಸಾರ ಕೊಡಗಿನ ತೋಟದ ಕೂಲಿಗಳ ಲೈನ್ ಮನೆಗೆ ಹೊರಡುತ್ತದೆ. ಅಲ್ಲಿನ ಕಾಯಿಲೆಯವರ ಪಟ್ಟಿಯಲ್ಲಿ ಅವನಿಲ್ಲ, ಇಲ್ಲಿನ ಪಟ್ಟಿಯಲ್ಲಿ "ಚಿಕಿತ್ಸೆ ಬಿಟ್ಟವನು". ಈಗ ಕ್ಷಯರೋಗಿಗಳ ವಿವರ ಇಡುವ ಸರ್ಕಾರದ ನಿಕ್ಷಯ್ ಪೋರ್ಟಲಿನಲ್ಲಿ ಬೇರೆ ಜಿಲ್ಲೆಗೆ ವರ್ಗ ಮಾಡಬಹುದು, ಒಳ್ಳೆಯದೇ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ ಅದು 1000 ಆಗಿದೆ, ಅದೂ ಒಳ್ಳೆಯದೇ. ಆದರೆ ಯಾವ ಮೇಸ್ತ್ರಿ ಯಾವ ತೋಟಕ್ಕೆ ಕರೆದೊಯ್ಯುತ್ತಾನೆ ಎಂದು ತಿಳಿಯದೆ ಪೋರ್ಟಲ್ ಏನು ಮಾಡೀತು? ನನ್ನ ಹತ್ತಿರ ಏಳು ಮೇಸ್ತ್ರಿಗಳ ಫೋನ್ ನಂಬರ್ ಇವೆ. ಅವರಲ್ಲಿ ಇಬ್ಬರು ಗುಳಿಗೆಯ ಪೊಟ್ಟಣವನ್ನು ತಲುಪಿಸಿಯೇ ತಲುಪಿಸುತ್ತಾರೆ, ಒಬ್ಬ ತಲುಪಿಸಿದೆ ಎಂದು ಸುಳ್ಳು ಹೇಳುತ್ತಾನೆ. ಯಾರು ಯಾರು ಎಂಬುದು ಚಾರ್ಜ್ ಪಟ್ಟಿಯಲ್ಲಿಲ್ಲ.

ಈಗ ನನ್ನ ತಪ್ಪು ಹೇಳಬೇಕು. ಬರೆಯಲೋ ಬೇಡವೋ ಎಂದು ನಾಲ್ಕು ದಿನ ಯೋಚಿಸಿದೆ.

ಒಂದು ಹುಡುಗಿ ಇದ್ದಳು, ಆರೇಳು ವರ್ಷದವಳು. ಮಳೆ ಹಿಡಿದರೆ ಕೈಕಾಲು ನೋವೆಂದು ಅಳುವಳು. ಕಣ್ಣು ಹಳದಿ, ಮೈ ಬಿಳಿಚಿದ್ದು. ಸಾಹ್ಲಿ ನಳಿಗೆಯಲ್ಲಿ ರಕ್ತದ ಹಿಮೋಗ್ಲೋಬಿನ್ ನೋಡಿದರೆ ಏಳು ದಾಟುತ್ತಿರಲಿಲ್ಲ. ರಕ್ತಹೀನತೆ ಎಂದು ಕಬ್ಬಿಣದ ಗುಳಿಗೆ ಕೊಟ್ಟೆ. ಏರಲಿಲ್ಲ. ತಿನ್ನುತ್ತಿಲ್ಲ ಎಂದು ತಾಯಿಗೆ ಬೈದೆ. ಮುಂದಿನ ವರ್ಷವೂ ಕೊಟ್ಟೆ, ಅದರ ಮುಂದಿನ ವರ್ಷವೂ. ಗುಳಿಗೆ ಅವಳು ತಿನ್ನುತ್ತಲೇ ಇದ್ದಳು. ನೋವಿಗೆ ಒಮ್ಮೆ ವಾತ ಅಂದೆ, ಒಮ್ಮೆ ಶಾಲೆ ತಪ್ಪಿಸಲು ನಾಟಕ ಅಂದೆ. "ಇವಳ ಅಣ್ಣನಿಗೂ ಹಿಂಗೇ ಆಗಿ ಹೋದ. ಇದು ಹೊಟ್ಟೇಲೇ ಬರೋದು ಕಣವ್ವ, ತಣ್ಣೀರು ಬಿದ್ರೆ ಹಿಡ್ಕತದೆ" ಎಂದು ಅವಳ ಅಜ್ಜಿ ಹೇಳಿದ್ದಳು. ಓದಿದವಳು ನಾನು, ಕೇಳಿಸಿಕೊಳ್ಳಲಿಲ್ಲ.

ಅದು ಸಿಕಲ್ ಸೆಲ್. ರಕ್ತದ ಕಣ ದುಂಡಗಿರುವ ಬದಲು ಕುಡುಗೋಲಿನಂತೆ ಬಾಗಿ, ಸಣ್ಣ ನಾಳದಲ್ಲಿ ಸಿಕ್ಕಿಕೊಂಡು ಪ್ರಾಣ ಹಿಂಡುವ ಕಾಯಿಲೆ. ಚಳಿ ತಾಗಿದರೆ, ಮೈಯಲ್ಲಿ ನೀರು ಕಡಿಮೆಯಾದರೆ ಕೆರಳುತ್ತದೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ತಮಗೆ ಕಾಯಿಲೆಯಿಲ್ಲದೆ ಅದರ ಗುಣ ಹೊತ್ತವರಾಗಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ಕಾಲುಭಾಗ ಸಂಭವ. ಅಜ್ಜಿ ಹೇಳಿದ್ದು ಅಕ್ಷರಶಃ ಸರಿ. ನನ್ನ ಹದಿನೆಂಟು ತಿಂಗಳ ತರಬೇತಿಯಲ್ಲಿ ಈ ಕಾಯಿಲೆಯ ಹೆಸರನ್ನೇ ಯಾರೂ ಎತ್ತಿರಲಿಲ್ಲ ಎಂಬುದು ನಿಜ, ಆದರೆ ಅಜ್ಜಿಯ ಮಾತನ್ನು ಡಾಕ್ಟರಿಗೆ ಮುಟ್ಟಿಸಲು ತರಬೇತಿ ಬೇಕಾಗಿರಲಿಲ್ಲ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಾಹಡೋಲ್‌ನಲ್ಲಿ ಪ್ರಧಾನಿ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುಮಾಡಿದರು. 40 ವರ್ಷದೊಳಗಿನ ಏಳು ಕೋಟಿ ಜನರ ತಪಾಸಣೆ, 2047ಕ್ಕೆ ಕಾಯಿಲೆ ನಿರ್ಮೂಲ ಎಂಬ ಗುರಿ. ನಮ್ಮ ಹಾಡಿಗೂ ಪರೀಕ್ಷೆಯ ತಂಡ ಬಂತು. ಆ ಹುಡುಗಿಗೆ ಆಗ ಇಪ್ಪತ್ತೈದು. ಫಲಿತಾಂಶ ಬಂದ ದಿನ ಅವಳ ಮನೆಗೆ ಹೋಗಿ, ಹೊಸಿಲಿನಲ್ಲಿ ಕೂತು, ಕ್ಷಮಿಸು ಎಂದೆ. "ಬುಡಿ ನರ್ಸಮ್ಮ, ನೀವೊಬ್ರಾದ್ರೂ ಬತ್ತಿದ್ರಿ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಈಗ ಅವಳು ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ತಿನ್ನುತ್ತಾಳೆ, ಎರಡು ವರ್ಷದಿಂದ ನೋವು ಬಹಳ ಕಡಿಮೆ. ನಾನು ನಿವೃತ್ತಳಾಗುವ ಎರಡು ತಿಂಗಳ ಮುಂಚೆ ಅವಳಿಗೆ ಮದುವೆಯಾಯಿತು. ಗಂಡನ ಪರೀಕ್ಷೆ ಮಾಡಿಸಿದೆ, ಅವನು ವಾಹಕನಲ್ಲ. ಒಂದು ವಿಷಯ ಮಾತ್ರ ಯಾರಾದರೂ ಕಣ್ಣಿಟ್ಟು ನೋಡಬೇಕು: ಬಸುರಾಗಬೇಕೆಂದುಕೊಂಡರೆ ಮೊದಲೇ ಡಾಕ್ಟರನ್ನು ಕೇಳಿ ಆ ಮಾತ್ರೆ ನಿಲ್ಲಿಸಬೇಕು. ಗೊತ್ತಿಲ್ಲದೆ ಮುಟ್ಟು ನಿಂತರೆ ಅದೇ ವಾರ ತಿಳಿಯಬೇಕು. ಅವಳಿಗೆ ಹೇಳಿದ್ದೇನೆ, ಅತ್ತೆಗೆ ಹೇಳಿದ್ದೇನೆ, ಹಾಡಿಯ ಆಶಾ ಕಾರ್ಯಕರ್ತೆಗೆ ಬರೆದುಕೊಟ್ಟಿದ್ದೇನೆ, ಸ್ಕೂಟಿ ಸಿಸ್ಟರಿಗೆ ಎರಡು ಸಲ ಹೇಳಿದ್ದೇನೆ. ಅವಳಿಗೆ ಈಗ ಮೂರು ಉಪಕೇಂದ್ರ. ನಾನು ರಾತ್ರಿ ಎದ್ದು ಕೂರುತ್ತೇನೆ.

ತ್ಯಾಗಮಯಿ ಎಂಬ ಮಾತಿಗೆ ಬರುತ್ತೇನೆ. ನಾನು ಏನೂ ತ್ಯಾಗ ಮಾಡಿಲ್ಲ. ಸಂಬಳ ತೆಗೆದುಕೊಂಡು ಕೆಲಸ ಮಾಡಿದ್ದೇನೆ, ಇಬ್ಬರು ಮಕ್ಕಳನ್ನು ಓದಿಸಿದ್ದೇನೆ, ಸಣ್ಣ ಮನೆ ಕಟ್ಟಿದ್ದೇನೆ. ಸೇವೆ, ತ್ಯಾಗ ಎಂದು ಯಾರಾದರೂ ಶುರುಮಾಡಿದರೆ ನನಗೆ ಅನುಮಾನ ಬರುತ್ತದೆ: ಟಿ.ಎ. (ಪ್ರಯಾಣ ಭತ್ಯೆ) ಬಿಲ್ಲು ಪಾಸಾಗುವುದಿಲ್ಲ ಅಂತಲೇ ಅರ್ಥ. ನನ್ನ ಕ್ವಾರ್ಟರ್ಸಿಗೆ ಹನ್ನೆರಡು ವರ್ಷ ನೀರಿನ ಸಂಪರ್ಕ ಇರಲಿಲ್ಲ. ಆಶಾ ಕಾರ್ಯಕರ್ತೆಯರಿಗೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪ್ರಶಸ್ತಿ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. 2025ರ ಜನವರಿಯಲ್ಲಿ ಅವರೇ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿದ ಮೇಲೆ ತಿಂಗಳಿಗೆ ಹತ್ತು ಸಾವಿರದ ಭರವಸೆ ಸಿಕ್ಕಿತು. ನಮ್ಮ ಹಾಡಿಯ ಆಶಾಳೂ ಹೋಗಿದ್ದಳು, ಬರುವಾಗ ಗಂಟಲು ಕಟ್ಟಿತ್ತು.

ಹೆಣ್ಣುಮಕ್ಕಳು ನನ್ನನ್ನು ಕೇಳುತ್ತಾರೆ, ಈ ಕೆಲಸಕ್ಕೆ ಸೇರಬಹುದಾ ಅಂತ. ಸೇರಿ ಅನ್ನುತ್ತೇನೆ. ಪುಣ್ಯ ಬರುತ್ತದೆ ಅಂತ ಅಲ್ಲ. ಸ್ವಂತ ಕಾಲ ಮೇಲೆ ನಿಲ್ಲುವ ಕೆಲಸ, ತಲೆ ಓಡಿಸಬೇಕಾದ ಕೆಲಸ. ಬಿಸಿ ತಾಗಿ ಲಸಿಕೆ ಕೆಟ್ಟಿದೆಯೇ ಎಂದು ತೋರಿಸುವ, ಸೀಸೆಯ ಮೇಲಿನ ಪುಟ್ಟ ಚೌಕ ಬಣ್ಣ ತಿರುಗಿದೆಯೋ ಇಲ್ಲವೋ ಎಂದು ಕಾಡಿನ ನಡುವೆ ನಿಂತು ಒಬ್ಬಳೇ ತೀರ್ಮಾನ ಮಾಡಬೇಕು. 2017ರಲ್ಲಿ ದಡಾರ–ರುಬೆಲ್ಲಾ ಲಸಿಕೆ ಬಂದಾಗ ಹಳ್ಳಿಯ ಓದಿದ ಅಪ್ಪಂದಿರು ವಾಟ್ಸಾಪ್ ನೋಡಿ ಮಕ್ಕಳನ್ನು ಬಚ್ಚಿಟ್ಟರು. ಹಾಡಿಯವರು ಸಾಲಾಗಿ ಬಂದು ಹಾಕಿಸಿಕೊಂಡರು. ಅವತ್ತಿನಷ್ಟು ಸಂತೋಷ ನನಗೆ ಸನ್ಮಾನದ ದಿನ ಆಗಲಿಲ್ಲ.

ಕೇಳಬೇಕಾದದ್ದು ಎರಡೇ ಇದೆ.

ನಾನು ಯಾವತ್ತು ನಿವೃತ್ತಳಾಗುತ್ತೇನೆ ಎಂಬುದು ಸೇವಾ ಪುಸ್ತಕದ ಜನ್ಮದಿನಾಂಕ ನೋಡಿದರೆ ಸರ್ಕಾರಕ್ಕೆ ವರ್ಷಗಳ ಮುಂಚೆಯೇ ಗೊತ್ತಿತ್ತು. (ಆ ಜನ್ಮದಿನಾಂಕವೂ ಶಾಲೆಯ ಮೇಷ್ಟ್ರು ಅಂದಾಜಿಗೆ ಬರೆದದ್ದು, ಇರಲಿ.) ಒಬ್ಬರು ಹೋಗುವ ಮೂರು ತಿಂಗಳ ಮುಂಚೆ ಅವರ ಜಾಗಕ್ಕೆ ಬರುವವರನ್ನು ಕಳಿಸಿ. ಮೂರು ತಿಂಗಳು ಇಬ್ಬರೂ ಜೊತೆಗೆ ನಡೆಯಲಿ. ಒಂದೇ ಹುದ್ದೆಗೆ ಇಬ್ಬರಿಗೆ ಸಂಬಳ ಕೊಡಲು ಆರ್ಥಿಕ ಇಲಾಖೆ ಒಪ್ಪುವುದಿಲ್ಲ ಎನ್ನುತ್ತಾರೆ. ರಾಜ್ಯದ ಎಲ್ಲ ಕಡೆ ಬೇಡ, ಹಾಡಿಗಳಿರುವ ಉಪಕೇಂದ್ರಗಳಿಗೆ ಮಾತ್ರ ಮಾಡಿ. ಮೂರು ತಿಂಗಳ ಸಂಬಳ ಉಳಿಸಲು ಹೋಗಿ ನೀವು ಕಳೆದುಕೊಳ್ಳುವುದು ಮೂವತ್ತೇಳು ವರ್ಷ ಸಂಬಳ ಕೊಟ್ಟು ಕಲಿಸಿದ್ದನ್ನು.

ಇನ್ನೊಂದು, ಆ ಬರುವವಳು ಹಾಡಿಯವಳೇ ಆಗಿರಲಿ. ಜಾಗ ಹಂಚುವ ಕೌನ್ಸೆಲಿಂಗಿನಲ್ಲಿ ನಮ್ಮಂಥ ಜಾಗ ಆರಿಸಿಕೊಳ್ಳುವವರು ಬೇರೆಲ್ಲೂ ಸಿಗದೆ ಬಂದವರು. ಬಂದ ದಿನವೇ ಹೋಗುವ ಅರ್ಜಿ ಬರೆದಿರುತ್ತಾರೆ. ಅವರನ್ನು ದೂರುವುದಿಲ್ಲ, ಅವರಿಗೂ ಮಕ್ಕಳ ಶಾಲೆ, ಅತ್ತೆಮಾವ ಇದ್ದಾರೆ. ಆದರೆ ಈ ಜಾಗವೇ ಊರಾಗಿರುವ ಹುಡುಗಿಯರು ನಮ್ಮಲ್ಲೇ ಇದ್ದಾರಲ್ಲ. ಓದಿದವರು ಸಿಗುವುದಿಲ್ಲ ಎಂಬ ಮಾತು ಹಳೆಯದಾಯಿತು; ನನ್ನ ಹನ್ನೊಂದು ಹಾಡಿಗಳಲ್ಲೇ ಪಿಯುಸಿ ಮುಗಿಸಿದ ಒಂಬತ್ತು ಹುಡುಗಿಯರಿದ್ದಾರೆ. ಇಬ್ಬರು ಶುಂಠಿ ಹೊಲಕ್ಕೆ ಕೂಲಿಗೆ ಹೋಗುತ್ತಾರೆ, ಒಬ್ಬಳು ರೆಸಾರ್ಟಿನಲ್ಲಿ ತಟ್ಟೆ ತೊಳೆಯುತ್ತಾಳೆ. ಎರಡು ವರ್ಷದ ಎ.ಎನ್.ಎಂ. (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ತರಬೇತಿಗೆ ಹಾಸ್ಟೆಲ್ ಕೊಟ್ಟು, ಮನೆಗೆ ಕಳಿಸಲು ಒಂದಿಷ್ಟು ವೇತನ ಕೊಟ್ಟು, ಮುಗಿಸಿದ ಮೇಲೆ ಹತ್ತು ವರ್ಷ ಹಾಡಿ ಸೀಮೆಯಲ್ಲೇ ಇರಬೇಕೆಂಬ ಕರಾರಿನಲ್ಲಿ ಕಾಯಂ ಹುದ್ದೆ ಕೊಡಿ. ಗುತ್ತಿಗೆ ಅಲ್ಲ, ಕಾಯಂ.

ಇದು ನಾನು ಕಂಡ ಕನಸೇನಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬುಡಕಟ್ಟಿನ ಹುಡುಗಿಯರಿಗೆ ಎ.ಎನ್.ಎಂ. ತರಬೇತಿ ಕೊಡಿಸಿ ತೋರಿಸಿದೆ. ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅದೇ ಊರಿನ ಹೆಂಗಸರಿಗೆ ನವಜಾತ ಶಿಶುವಿನ ಆರೈಕೆ ಕಲಿಸಿದರು. ಎಳೆಗೂಸುಗಳ ಸಾವು 62 ಶೇಕಡಾ ಇಳಿದದ್ದು 1999ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಇವತ್ತು ನಮ್ಮ ಆಶಾಗಳು ಬಾಣಂತಿಯ ಮನೆಗೆ ಹೋಗಿ ಮಗುವಿನ ಮೈ ಮುಟ್ಟಿ ನೋಡುವುದು ಅಲ್ಲಿಂದ ಬಂದ ಪದ್ಧತಿ. ಹೊರಗಿನಿಂದ ಬಂದ ನಾನು ಹತ್ತು ವರ್ಷ ಜಗಲಿಯಲ್ಲಿ ಕೂತು ಕಲಿತದ್ದು ಹಾಡಿಯ ಹುಡುಗಿಗೆ ತಾಯಿಯ ಹೊಟ್ಟೆಯಲ್ಲೇ ಗೊತ್ತಿರುತ್ತದೆ. ಜೇನುಕುರುಬರ ಮಾತು ಕೇಳುವುದಕ್ಕೆ ಕನ್ನಡದ ಹಾಗೇ ಇರುತ್ತದೆ. ಅದಕ್ಕೇ ಮೋಸ ಹೋಗುತ್ತೇವೆ, ಎಲ್ಲ ಅರ್ಥವಾಯಿತು ಅಂದುಕೊಂಡು ಬರುತ್ತೇವೆ.

ಮೀಸಲು, ರೋಸ್ಟರು, ಜಿಲ್ಲಾ ಮಟ್ಟದ ಜ್ಯೇಷ್ಠತೆ ಎಂದು ನಿಮ್ಮ ಅಧಿಕಾರಿಗಳು ಹತ್ತು ತೊಡಕು ಹೇಳುತ್ತಾರೆ. ಹೇಳಲಿ. ಜೇನುಕುರುಬರನ್ನೂ ಕೊರಗರನ್ನೂ ವಿಶೇಷ ದುರ್ಬಲ ಬುಡಕಟ್ಟು ಎಂದು ಕೇಂದ್ರ ಸರ್ಕಾರವೇ ಗುರುತಿಸಿದೆ. ಅವರಿಗಾಗಿ 2023ರ ನವೆಂಬರ್‌ನಲ್ಲಿ ಪಿ.ಎಂ. ಜನಮನ್ ಯೋಜನೆ ಬಂತು, ಸಂಚಾರಿ ವೈದ್ಯಕೀಯ ವಾಹನಕ್ಕೆ ದುಡ್ಡು ಬಂತು. ವಾಹನ ವಾರಕ್ಕೊಮ್ಮೆ ಬಂದು ಹೋಗುತ್ತದೆ. ಬೇಡವೆನ್ನುವುದಿಲ್ಲ, ಬರಲಿ. ಆದರೆ ಬಸುರಿಯ ಕಾಲು ಊದುವುದು ವಾಹನ ಬರುವ ದಿನ ನೋಡಿಕೊಂಡಲ್ಲ.

ನಾನು ಮನೆಯಲ್ಲಿ ಕೂತು ಇನ್ನೂರು ಪುಟದ ಎರಡು ನೋಟ್‌ಬುಕ್ ತುಂಬಿಸಿದ್ದೇನೆ. ಮನೆಮನೆಯ ವಿವರ, ಮೂರು ಮೂರು ಹೆಸರು, ಮೇಸ್ತ್ರಿಗಳ ನಂಬರ್, ಹಳ್ಳ ತುಂಬಿದರೆ ಸುತ್ತುವ ದಾರಿ. ಸಿಕಲ್ ಸೆಲ್ ವಿಷಯ ಮಾತ್ರ ಬರೆದಿಲ್ಲ, ಅದು ಕಂಡವರ ಕೈಗೆ ಸಿಕ್ಕರೆ ಹುಡುಗಿಯರ ಮದುವೆ ಮುರಿಯುತ್ತವೆ. ಅದನ್ನು ಬಾಯಲ್ಲೇ ಹೇಳಬೇಕು, ನಡೆಯುತ್ತಾ ಹೇಳಬೇಕು, ಯಾರ ಮನೆ ಎಂದು ಬೆರಳು ಮಾಡದೆ ಕಣ್ಣಲ್ಲೇ ತೋರಿಸಬೇಕು.

ಹೊಸಬರನ್ನು ಕಳಿಸುವುದಾದರೆ ಮಳೆ ಹಿಡಿಯುವ ಮುಂಚೆ ಕಳಿಸಿ. ನನಗೆ ಸಂಬಳ ಬೇಡ, ಟಿ.ಎ. ಬಿಲ್ಲೂ ಹಾಕುವುದಿಲ್ಲ, ಮಂಡಿ ಇನ್ನೊಂದು ವರ್ಷ ತಡೆಯುತ್ತದೆ. ಬೆಳಗಿನ ಮೊದಲ ಬಸ್ಸಿಗೆ ನಾನು ಸ್ಟಾಪಿನಲ್ಲಿ ನಿಂತಿರುತ್ತೇನೆ. ಶೂ ಹಾಕಿಕೊಂಡು ಬರಬೇಡಿ ಎಂದು ಹೇಳಿ, ಎರಡು ಕಡೆ ನೀರಿಗೆ ಇಳಿಯಬೇಕು. ಚಪ್ಪಲಿಯಾದರೆ ಕೈಯಲ್ಲಿ ಹಿಡಿದುಕೊಳ್ಳಬಹುದು. ಮೊದಲ ದಿನ ಹನ್ನೊಂದು ಹಾಡಿ ಆಗುವುದಿಲ್ಲ. ಮೊದಲು ಹೊಸದಾಗಿ ಮದುವೆಯಾದ ಆ ಹುಡುಗಿಯ ಮನೆಗೆ ಹೋಗೋಣ. ಅವಳು ಕಾಫಿ ಕೊಡುತ್ತಾಳೆ, ಬೇಡ ಅನ್ನಬಾರದು.

ಇತಿ ತಮ್ಮ ವಿಶ್ವಾಸಿ,
ನಾಗರಹೊಳೆ ಅಂಚಿನ ಒಬ್ಬ ನಿವೃತ್ತ ನರ್ಸಮ್ಮ